ಡಾಕ್ಟರ್ ಸಿಟ್ಟಾದರೆ ಆಗಲಿ

ಡೊಂಬಿವಲಿಯ ಓದುಗ ತಾಯಿಯೊಬ್ಬರ ಪತ್ರ. ನಾಲ್ಕು ವರ್ಷದ ಮಗನಿಗೆ ತಲೆಯ ಎಂಆರ್‌ಐ ಬರೆದುಕೊಟ್ಟಿದ್ದಾರೆ, ಚಿತ್ರ ಸ್ಪಷ್ಟವಾಗಲೆಂದು ಚುಚ್ಚುವ ‘ಕಾಂಟ್ರಾಸ್ಟ್’ ಇಂಜೆಕ್ಷನ್ ಸಮೇತ. ಅದರ ಲೋಹ ಮೆದುಳಲ್ಲೇ ಉಳಿಯುತ್ತದೆ ಎಂದು ವಾಟ್ಸ್ಯಾಪಿನಲ್ಲಿ ಬಂದಿದೆ. ಡಾಕ್ಟರ್ ‘ಏನೂ ಆಗಲ್ಲ’ ಅಂದರಂತೆ. ಇನ್ನೊಮ್ಮೆ ಕೇಳಿದರೆ ಸಿಟ್ಟಾಗುತ್ತಾರೇನೋ ಎಂಬ ಭಯ.

ಆಗಲಿ ಬಿಡಿ, ತಂಗಿ. ಮಗು ನಿಮ್ಮದು.

ಡಾಕ್ಟರ ಮಾತು ಬಹುಪಾಲು ನಿಜ. ಈ ಮದ್ದು 1988ರಿಂದ ಬಳಕೆಯಲ್ಲಿದೆ, ತೀವ್ರ ಅಲರ್ಜಿ ಅಪರೂಪ. ಅಗತ್ಯವಿದೆ ಎಂದರೆ ಮಾಡಿಸಿ.

ಆದರೆ ವಾಟ್ಸ್ಯಾಪೂ ಪೂರ್ತಿ ಸುಳ್ಳಲ್ಲ. ಆ ಲೋಹ ಗ್ಯಾಡೊಲಿನಿಯಂ. ಬಿಡಿಯಾಗಿ ವಿಷ. ಅದಕ್ಕೇ ಇನ್ನೊಂದು ಅಣುವಿನಲ್ಲಿ ಹಿಡಿದಿಡುತ್ತಾರೆ. ಲೀನಿಯರ್ ಜಾತಿಯಲ್ಲಿ ಆ ಹಿಡಿತ ದಾರ ಸುತ್ತಿದಂತೆ ಸಡಿಲ, ಮ್ಯಾಕ್ರೋಸೈಕ್ಲಿಕ್‌ನಲ್ಲಿ ಪಂಜರದಂತೆ ಭದ್ರ. ಕಿಡ್ನಿ ಕೆಟ್ಟವರಲ್ಲಿ ಚರ್ಮ ಬಿಗಿದು ಗಟ್ಟಿಯಾಗುವ ರೋಗಕ್ಕೂ ಇದಕ್ಕೂ ನಂಟಿದೆ ಎಂದು 2006ರಲ್ಲಿ ಗೊತ್ತಾಯಿತು. ಮತ್ತೆ ಮತ್ತೆ ಚುಚ್ಚಿಸಿಕೊಂಡವರ ಮೆದುಳಿನಲ್ಲಿ ಇದರ ಗುರುತನ್ನು 2014ರಲ್ಲಿ ಜಪಾನಿನ ವೈದ್ಯರು ಕಂಡರು. ಅದರಿಂದ ಮೆದುಳು ಕೆಟ್ಟಿತು ಎಂಬುದು ಸಾಬೀತಾಗಿಲ್ಲ. ಆದರೂ 2017ರಲ್ಲಿ ಯುರೋಪು ಹಲವು ಲೀನಿಯರ್ ಮದ್ದುಗಳನ್ನು ತಡೆಯಿತು. ನನಗೆ ಹಿಡಿಸಿದ್ದು ಆ ‘ಆದರೂ’. ಹಿಂದೆ ಥೊರೊಟ್ರಾಸ್ಟ್ ಎಂಬ ಮದ್ದನ್ನು ಎಕ್ಸ್‌ರೇ ಚಿತ್ರ ಚೆಂದ ಬರುತ್ತದೆ ಎಂದು ವರ್ಷಗಟ್ಟಲೆ ಚುಚ್ಚಿದರು. ಅದರಲ್ಲಿದ್ದದ್ದು ವಿಕಿರಣ ಸೂಸುವ ಥೋರಿಯಂ. ಲಿವರ್ ಕ್ಯಾನ್ಸರ್ ಬಂದದ್ದು ದಶಕಗಳ ಮೇಲೆ.

ನನ್ನ ತಮ್ಮನ ಮಗಳಿಗೂ ಹೀಗೇ ಬರೆದಿದ್ದರು. ಕೌಂಟರಿನಲ್ಲಿ ‘ಯಾವ ಮದ್ದು?’ ಅಂದೆ. ‘ಕಾಂಟ್ರಾಸ್ಟ್, ಅಂಕಲ್’ ಅಂದ ಹುಡುಗ. ನಮ್ಮ ಹೋಟೆಲಿನಲ್ಲಿ ಏನಿದೆ ಎಂದು ಕೇಳಿದರೆ ‘ತಿಂಡಿ’ ಅಂದ ಹಾಗಾಯಿತು, ಅಲ್ವಾ? ಕೊನೆಗೆ ಟೆಕ್ನಿಷಿಯನ್ ಹೆಣ್ಣುಮಗಳು, ಪುಣ್ಯವಂತೆ, ಬಾಟಲಿಯನ್ನೇ ತಂದು ತೋರಿಸಿದಳು. ಲೋಕಲ್ ರೈಲಿನ ಪಾಸಿನ ಹಿಂದೆ ಹೆಸರು ಬರೆದುಕೊಂಡೆ. ಆ ಪಾಸು ಇನ್ನೂ ಇದೆ.

ನೀವೂ ಹೆಸರು ಕೇಳಿ. ಲೀನಿಯರೋ ಮ್ಯಾಕ್ರೋಸೈಕ್ಲಿಕ್ಕೋ ಎಂದು ಕೇಳಿ. ಪ್ರಮಾಣ ತೂಕದ ಲೆಕ್ಕ, ಹಾಗಾಗಿ ಮಗುವನ್ನು ಅವತ್ತೇ ತೂಗಿಸಿ. ಕಿಡ್ನಿ ತೊಂದರೆ, ಹಳೆಯ ಅಲರ್ಜಿ ಇದ್ದರೆ ಮುಚ್ಚಿಡಬೇಡಿ. ವಾಟ್ಸ್ಯಾಪ್ ನೋಡಿ ಸ್ಕ್ಯಾನೇ ಬೇಡ ಅನ್ನುವುದು ಮಾತ್ರ ದಡ್ಡತನ. ಗದರಿದೆ ಎಂದು ಬೇಜಾರಾಗಬೇಡಿ.

ನನ್ನ ಸಿಟ್ಟು ಆ ಒಪ್ಪಿಗೆ ಪತ್ರದ ಮೇಲೆ. ನಮ್ಮ ಮುಂದೆ ಬಂದದ್ದು ನಾಲ್ಕು ಪುಟ ಇಂಗ್ಲಿಷ್. ಮೂರು ತಲೆಮಾರಿನಿಂದ ಮುಂಬಯಿಯಲ್ಲಿರುವ ನಾವು ಬೆರಳು ತೋರಿಸಿದಲ್ಲಿ ಸಹಿ ಹಾಕಿದೆವು. ನಮ್ಮ ಕನ್ನಡ ಸಂಘಗಳಾದರೂ ಅದನ್ನು ಕನ್ನಡಕ್ಕೆ ತರಬಹುದಿತ್ತು. ಅವಕ್ಕೆ ಸನ್ಮಾನದ ಶಾಲು ಕೊಳ್ಳುವುದರಲ್ಲೇ ಪುರುಸೊತ್ತಿಲ್ಲ. ನನಗೂ ಹನ್ನೊಂದು ಬಂದಿವೆ, ಚಳಿಯೇ ಇಲ್ಲದ ಈ ಊರಿನಲ್ಲಿ.

– ಸಂ.