ನಳ ಸೋರ್ತಿದೆ, ಮಿಸ್ತ್ರಿನ ಕರೀಬೇಕಾ?

ಯುಗಾದಿ ಮುಗಿಯಿತೋ ಇಲ್ಲವೋ, ನಮಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ನೀರಿನವೇ. ಈ ಸಲ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಏಳು ಪ್ರಶ್ನೆ ಆರಿಸಿಕೊಂಡಿದ್ದೇನೆ. ನಾನು ಮಿಸ್ತ್ರಿ ಅಲ್ಲ. ಆದರೆ ಇಪ್ಪತ್ತು ವರ್ಷ ಇದೇ ಬೋರ್ ನೀರಿನ ಜೊತೆ ಸಂಸಾರ ಮಾಡಿದ್ದೇನೆ, ಕಲಿತದ್ದರಲ್ಲಿ ಜಾಸ್ತಿ ಕೆಡಿಸಿ ಕಲಿತದ್ದೇ.

ಅಡುಗೆಮನೆ ನಳ ಎಷ್ಟು ಬಿಗಿದರೂ ಹನಿ ನಿಲ್ಲೋದಿಲ್ಲ. ಮಿಸ್ತ್ರಿ ಬಂದು ನೋಡಿ ಹೊಸ ನಳಾನೇ ಹಾಕಬೇಕು ಅಂತಾನೆ. ಹೌದೇನ್ರಿ?
– ಗೃಹಿಣಿ, ಕಲಬುರಗಿ

ಅಕ್ಕಾ, ಮೊದಲು ಬಿಗಿಯೋದು ನಿಲ್ಲಿಸಿ. ಬಿಗಿದಷ್ಟೂ ಒಳಗಿನ ರಬ್ಬರ್ ವಾಷರ್ ಜಜ್ಜಿಹೋಗುತ್ತದೆ, ನಾಳೆ ಇನ್ನೂ ಜಾಸ್ತಿ ಬಿಗಿಯಬೇಕಾಗುತ್ತದೆ. ನಾಲ್ಕೈದು ಸುತ್ತು ತಿರುಗಿಸುವ ಹಳೇ ಥರದ ನಳ ಆಗಿದ್ದರೆ ತಪ್ಪು ಬಹುತೇಕ ಆ ವಾಷರಿನದೇ. ಅದಕ್ಕೆ ಒಂದು ಚಹಾದಷ್ಟು ದುಡ್ಡೂ ಬೇಕಾಗೋದಿಲ್ಲ.

ಆ ಸಾಲಿನ ವಾಲ್ವ್ ಬಂದ್ ಮಾಡಿ, ನಳ ತೆರೆದಿಟ್ಟು ಪೈಪಿನಲ್ಲಿ ಉಳಿದ ನೀರು ಹರಿದುಹೋಗಲು ಬಿಡಿ. ಸಿಂಕಿನ ತೂತಿಗೆ ಒಂದು ಬಟ್ಟೆ ತುರುಕಿ, ಇಲ್ಲದಿದ್ದರೆ ಸಣ್ಣ ಸ್ಕ್ರೂ ನೇರ ಗಟಾರಕ್ಕೇ ಹೋಗುತ್ತದೆ. ಹಿಡಿ ಬಿಚ್ಚಿ, ಪಾನಾ ಹಾಕಿ ಮೇಲಿನ ಭಾಗ ತೆಗೆದರೆ ಕೆಳಗೆ ಗುಂಡಗೆ ಕರಿ ವಾಷರ್ ಕಾಣುತ್ತದೆ. ಅದರ ಮೇಲೆ ಉಂಗುರದ ಗುರುತು ಆಳವಾಗಿ ಬಿದ್ದಿದ್ದರೆ ಕಳ್ಳ ಸಿಕ್ಕ ಹಾಗೆ. ಆದರೆ ಅಷ್ಟಕ್ಕೇ ಬಿಡಬೇಡಿ. ವಾಷರ್ ಕೂರುವ ಜಾಗಕ್ಕೆ ಬೆರಳು ಹಾಕಿ ಸವರಿ ನೋಡಿ. ನಮ್ಮ ಬೋರ್ ನೀರಿಗೆ ಅಲ್ಲಿ ಬಿಳಿ ಹಕ್ಕಳೆ ಕಟ್ಟಿರುತ್ತದೆ, ಉಪ್ಪು ಕಾಗದದ ಹಾಗೆ ಒರಟೊರಟು. ಅದನ್ನು ಹಾಗೇ ಬಿಟ್ಟು ಹೊಸ ವಾಷರ್ ಹಾಕಿದರೆ ಸ್ವಲ್ಪ ದಿನಕ್ಕೆ ಅದೂ ಹರಿಯುತ್ತದೆ, ಆಮೇಲೆ ಅಂಗಡಿಯವನನ್ನು ಬೈತೀವಿ. ಹಳೇ ಹಲ್ಲುಜ್ಜುವ ಬ್ರಷ್, ನಾಲ್ಕು ಚಮಚ ವಿನಿಗರ್ ಸಾಕು. ಉಜ್ಜಿ, ತೊಳೆದು, ಅದೇ ಅಳತೆಯ ವಾಷರ್ ಹಾಕಿ. ಉಜ್ಜಿದ ಮೇಲೂ ಆ ಜಾಗದಲ್ಲಿ ಹಿತ್ತಾಳೆಯೇ ಕೊರೆದುಹೋದದ್ದು ಕಂಡರೆ ಮಿಸ್ತ್ರಿ ಹೇಳಿದ್ದು ಸರಿ, ಸುಮ್ನೆ ಹೊಸ ನಳ ಹಾಕಿಸಿ. ಕಾಲು ಸುತ್ತಿಗೆ ಬಂದ್ ಆಗುವ ಹೊಸ ನಳ ಆದರೆ ಒಳಗೆ ವಾಷರ್ ಇರೋದಿಲ್ಲ, ಒಂದು ಕಾರ್ಟ್ರಿಡ್ಜ್ ಇರುತ್ತದೆ. ಅದನ್ನು ಬಿಚ್ಚಿಕೊಂಡೇ ಅಂಗಡಿಗೆ ಹೋಗಿ, ಬಾಯಲ್ಲಿ ವರ್ಣಿಸಿ ತಂದರೆ ಎರಡು ಸಲ ಓಡಾಡಬೇಕಾಗುತ್ತದೆ.

ಒಂದು ಮಾತು ಮಾತ್ರ ನನ್ನ ಅನುಭವದಿಂದ. ವಾಲ್ವ್ ಬಂದ್ ಮಾಡಿ ಅಂತ ಬರೆಯೋದು ಸುಲಭ. ನಮ್ಮ ಮನೆ ಮೇಲಿನ ಟಾಕಿಯ ಗೇಟ್ ವಾಲ್ವನ್ನು ಆರು ವರ್ಷ ಯಾರೂ ಮುಟ್ಟಿರಲಿಲ್ಲ. ಒಂದು ಭಾನುವಾರ ಸಂಜೆ ಇದೇ ವಾಷರ್ ಕೆಲಸಕ್ಕೆ ಅಂತ ತಿರುಗಿಸಲು ಹೋದೆ, ಅದು ಅಲ್ಲಾಡಲಿಲ್ಲ, ನನಗೆ ಹಟ ಬಂತು, ಪಾನಾ ಹಾಕಿ ಮೈಭಾರ ಬಿಟ್ಟೆ, ವಾಲ್ವ್ ಬುಡದ ಪೈಪ್ ಸಮೇತ ಟಕ್ ಅಂತ ಮುರಿದು ಕೈಗೆ ಬಂತು. ಸಾವಿರ ಲೀಟರ್ ಟಾಕಿ ಆಗಷ್ಟೇ ತುಂಬಿತ್ತು. ನೀರು ಮೆಟ್ಟಿಲ ಮೇಲಿಂದ ಇಳಿದು ಅಂಗಳಕ್ಕೆ ಬಂದು ನೆಂಟರ ಚಪ್ಪಲಿ ತೇಲಿದವು. ಕೊನೆಗೆ ನನ್ನ ತಮ್ಮ ಟಾಕಿ ಒಳಗೆ ಹೆಗಲ ತನಕ ಕೈ ಇಳಿಸಿ, ಒದ್ದೆ ಟವೆಲ್ ಸುರುಳಿ ಸುತ್ತಿ ಒಳಗಿನಿಂದ ತೂತಿಗೆ ಒತ್ತಿ ಹಿಡಿದ. ಹಕ್ಕಳೆ ಹಿಡಿದ ವಾಲ್ವ್ ಬೆರಳ ಬಲಕ್ಕೆ ತಿರುಗದಿದ್ದರೆ ಅಲ್ಲಿಗೇ ಬಿಡಿ. ಟಾಕಿ ಖಾಲಿ ಇದ್ದ ದಿನ ಮಿಸ್ತ್ರಿ ಬಂದು ಬದಲಿಸಲಿ. ಹೊಸದು ಹಾಕಿಸಿದ ಮೇಲೆ ತಿಂಗಳಿಗೊಮ್ಮೆ ಸುಮ್ನೆ ತಿರುಗಿಸಿ ಬಿಡಿ.

ಬಚ್ಚಲಿನ ಬಿಳಿ ಕಲೆ ಹೋಗಲಿ ಅಂತ ಆಸಿಡ್ ಹಾಕಿ ತೊಳೆದೆವು. ಕಲೆ ಹೋಯಿತು, ಆದರೆ ಶಹಾಬಾದ್ ಫರಸಿ ಹೊಳಪು ಹೋಗಿ ಒರಟಾಗಿದೆ, ಸಂದಿಗಳೂ ಬಾಯಿ ಬಿಟ್ಟಿವೆ. ಡೂಪ್ಲಿಕೇಟ್ ಕಲ್ಲು ಕೊಟ್ಟಿದ್ದಾರೇನು?
– ಓದುಗರು, ಸೇಡಂ

ಕಲ್ಲಿನದು ತಪ್ಪಿಲ್ಲರೀ. ಶಹಾಬಾದ್ ಕಲ್ಲು ಅಂದರೆ ಸುಣ್ಣದ ಕಲ್ಲು. ನಿಮ್ಮ ಸೇಡಂ ಸುತ್ತ ಇಷ್ಟು ಸಿಮೆಂಟ್ ಕಾರ್ಖಾನೆ ಬಂದದ್ದೂ ಅದೇ ಕಲ್ಲಿಗೆ ಅಲ್ವಾ? ನಳದ ಮೂತಿಗೆ, ಬಕೆಟ್ಟಿನ ಅಂಚಿಗೆ ಹಿಡಿಯುವ ಬಿಳಿ ಹಕ್ಕಳೆಯೂ ಹೆಚ್ಚುಕಡಿಮೆ ಅದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ನೆಲದೊಳಗೆ ನೀರು ಈ ಕಲ್ಲನ್ನು ಕರಗಿಸಿಕೊಂಡು ಬರುತ್ತದೆ, ಬಚ್ಚಲಲ್ಲಿ ಒಣಗಿದಾಗ ಬಿಟ್ಟುಹೋಗುತ್ತದೆ. ಹೀಗಾಗಿ ಕಲೆ ತಿನ್ನುವ ಆಸಿಡ್ ಕಲ್ಲನ್ನೂ ತಿನ್ನುತ್ತದೆ, ಅದಕ್ಕೆ ಎರಡರ ನಡುವೆ ಫರಕು ಗೊತ್ತಾಗೋದಿಲ್ಲ. ಒಡೆದ ಫರಸಿ ಚೂರಿನ ಮೇಲೆ ನಿಂಬೆಹಣ್ಣು ಹಿಂಡಿ, ಬಗ್ಗಿ ನೋಡಿ. ಸಣ್ಣಗೆ ಗುಳ್ಳೆ ಏಳುತ್ತವೆ.

ಇನ್ನು ಮುಂದೆ ಫರಸಿಗೆ ಸೋಪಿನ ನೀರು, ಗಟ್ಟಿ ಬ್ರಷ್ ಅಷ್ಟೇ. ತೊಳೆದ ಮೇಲೆ ನೀರು ನಿಲ್ಲದ ಹಾಗೆ ಎಳೆದುಬಿಡಿ, ನೀರೇ ಒಣಗದಿದ್ದರೆ ಕಲೆ ಎಲ್ಲಿಂದ ಬರಬೇಕು? ವಿನಿಗರ್ ಬಳಸೋದು ಶವರ್, ನಳದ ಮೂತಿಯ ಜಾಲರಿಗೆ ಮಾತ್ರ. ಶವರ್ ಬಿಚ್ಚಲು ಬಾರದಿದ್ದರೆ ಒಂದು ಪ್ಲಾಸ್ಟಿಕ್ ಚೀಲಕ್ಕೆ ವಿನಿಗರ್ ಸುರಿದು, ಶವರಿನ ತಲೆ ಅದರಲ್ಲಿ ಮುಳುಗುವ ಹಾಗೆ ದಾರ ಕಟ್ಟಿ ಒಂದು ತಾಸು ಬಿಡಿ. ರಾತ್ರಿಯಿಡೀ ಬೇಡ, ಮೇಲಿನ ಹೊಳಪಿನ ಲೇಪ ಹಾಳಾಗುತ್ತದೆ. ಕೆಳಗೆ ಒಂದು ಬಕೆಟ್ ಇಡಿ, ಯಾಕೆ ಅಂತ ಈಗ ನಿಮಗೆ ಗೊತ್ತು.

ಮತ್ತೆ ಆಸಿಡ್ ಹಾಕಿದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಹಾಕುವವರಿದ್ದಾರೆ, ಡಬಲ್ ಸ್ವಚ್ಛ ಆಗಲಿ ಅಂತ. ಎರಡೂ ಕೂಡಿದರೆ ಕ್ಲೋರಿನ್ ಗಾಳಿ ಏಳುತ್ತದೆ. ಬಾಗಿಲು ಹಾಕಿದ ಸಣ್ಣ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ. ಬಾಯಿ ಬಿಟ್ಟ ಸಂದಿಗಳಿಗೆ ಮಾತ್ರ ತಡಮಾಡದೆ ಬಿಳಿ ಸಿಮೆಂಟ್ ತುಂಬಿಸಿ. ಕೆಳಗಿನ ಮನೆಯ ಸ್ಲ್ಯಾಬಿನಲ್ಲಿ ತೇವ ಕಾಣಿಸಿಕೊಂಡಿದ್ದರೆ ಅದು ಸಂದಿಯದೋ ಪೈಪಿನದೋ ಅಂತ ನೋಡಲು ಮಿಸ್ತ್ರಿಯೇ ಬೇಕು.

ಹತ್ತು ದಿನ ಊರಿಗೆ ಹೋಗಿ ಬಂದರೆ ಬಚ್ಚಲಲ್ಲಿ ಕಾಲಿಡಲಾಗದಷ್ಟು ವಾಸನೆ. ಚೇಂಬರ್ ತೆಗೆಸೋಣ ಅಂದರೆ ಮುಚ್ಚಳದ ಮೇಲೆ ಟೈಲ್ಸ್ ಹಾಕಿಬಿಟ್ಟಿದ್ದಾರೆ.
– ನಿವೃತ್ತ ಶಿಕ್ಷಕರು, ಬೀದರ್

ಸರ್, ಟೈಲ್ಸ್ ಒಡೆಸುವ ಮುಂಚೆ ಒಂದು ಬಕೆಟ್ ನೀರು ಸುರಿಯಿರಿ. ಜಾಲಿಯ ಕೆಳಗೆ ನಹಾನಿ ಟ್ರ್ಯಾಪ್ ಅಂತ ಒಂದು ಬಟ್ಟಲಿನ ಥರದ್ದು ಇರುತ್ತದೆ. ಅದರಲ್ಲಿ ಸದಾ ನಿಂತಿರುವ ನೀರೇ ಗಟಾರದ ಗಾಳಿಗೂ ಜಿರಳೆಗೂ ಬಾಗಿಲು. ಬೇಸಿಗೆಯಲ್ಲಿ ಮನೆ ಬೀಗ ಹಾಕಿ ಹೋದರೆ ಆ ನೀರು ಆರಿಹೋಗುತ್ತದೆ, ಬಾಗಿಲು ತೆರೆದ ಹಾಗೆ. ಮುಂದಿನ ಸಲ ಹೊರಡುವಾಗ ಒಂದು ತಂಬಿಗೆ ನೀರು ಹಾಕಿ, ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆ ತೇಲಿಕೊಂಡು ನೀರನ್ನು ಬೇಗ ಆರಲು ಬಿಡೋದಿಲ್ಲ. ನೀರು ತುಂಬಿದ ಮರುದಿನವೂ ವಾಸನೆ ಇದ್ದರೆ ಆಗ ಮಿಸ್ತ್ರಿನ ಕರೆಯಿರಿ.

ಚೇಂಬರಿನ ಮಾತಿಗೆ ಬಂದರೆ, ನಿಮ್ಮ ಊರಿನಲ್ಲೇ ನೌಬಾದಿನ ಸುರಂಗ ಬಾವಿ ಇದೆ, ಕರೇಜ್ ಅಂತೀವಲ್ಲ. ಬಹಮನಿಯರ ಕಾಲದ್ದು. ಕೆಂಪು ಜಂಬಿಟ್ಟಿಗೆ ಕಲ್ಲು ಕೊರೆದು ನೆಲದೊಳಗೇ ನೀರು ಹರಿಸಿದವರು ದೂರ ದೂರಕ್ಕೆ ಮೇಲಿನಿಂದ ಬಾವಿಯಂಥ ತೂತು ಬಿಟ್ಟಿದ್ದಾರೆ, ಅಗೆಯಲು, ಗಾಳಿಗೆ, ಇಳಿದು ಹೂಳು ತೆಗೆಯಲು. ನಾವು ಎರಡು ಟೈಲ್ಸ್ ಚಂದ ಕಾಣಲಿ ಅಂತ ಇರುವ ಒಂದು ತೂತನ್ನೂ ಮುಚ್ಚುತ್ತೇವೆ. ಮಳೆಗಾಲಕ್ಕೆ ಮುಂಚೆ ಒಡೆಸಿ, ಹಿಡಿ ಇರುವ ಮುಚ್ಚಳ ಹಾಕಿಸಿ.

ಅಂಗಳದ ಪೈಪ್ ಪ್ರತಿ ಬೇಸಿಗೆಗೂ ಅದೇ ಜಾಯಿಂಟಿನಲ್ಲಿ ಬಿಡುತ್ತದೆ. ಪ್ರತಿ ವರ್ಷ ಅಂಟು ಹಚ್ಚಿ ಹೋಗುತ್ತಾರೆ.
– ಓದುಗರು, ಶಹಾಪುರ

ನಿಮ್ಮ ಅಂಗಳ ಎರೆ ಮಣ್ಣು ಇರಬೇಕು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮಣ್ಣು ಸರಿದಾಗ ಪೈಪನ್ನೂ ಎಳೆಯುತ್ತದೆ, ಗೋಡೆ ಮಾತ್ರ ಬಿಡೋದಿಲ್ಲ, ಇಬ್ಬರ ಜಗಳದಲ್ಲಿ ಜಾಯಿಂಟ್ ಹೋಗುತ್ತದೆ. ಎಷ್ಟು ಒಳ್ಳೆ ಅಂಟು ತಂದರೂ ಇದೇ ಕಥೆ. ಇದು ಮಿಸ್ತ್ರಿಯ ಕೆಲಸವೇ, ಆದರೆ ನಿಂತು ಮಾಡಿಸಿ. ಪೈಪಿನ ಅಕ್ಕಪಕ್ಕ, ಮೇಲೆ ಕೆಳಗೆ ಎರೆ ಮಣ್ಣು ತೆಗೆದು ಮರಳು ತುಂಬಿಸಿ. ಪೈಪ್ ಗೋಡೆಯೊಳಗೆ ಹೋಗುವ ಕಡೆ ಅದಕ್ಕಿಂತ ದೊಡ್ಡ ಪೈಪಿನ ತುಂಡು ಹಾಕಿ ಅದರೊಳಗಿಂದ ತೂರಿಸಲಿ, ಸ್ವಲ್ಪ ಅಲ್ಲಾಡಲು ಜಾಗ ಇರಲಿ. ಅಂಟು ಹಚ್ಚುವ ಮುಂಚೆ ಪೈಪ್ ಒಣಗಿದೆಯಾ, ಧೂಳು ಒರೆಸಿದ್ದಾರಾ ನೋಡಿ. ಹಚ್ಚಿದ ಐದು ನಿಮಿಷಕ್ಕೇ ಮೋಟರ್ ಹಾಕಿ ತೋರಿಸ್ತೀನಿ ಅಂದರೆ ಬೇಡ ಅನ್ನಿ, ಡಬ್ಬಿ ಮೇಲೆ ಬರೆದಷ್ಟು ಹೊತ್ತು ಒಣಗಲಿ.

ಗೀಸರ್ ಹಾಕಿದಾಗ ನಳ ಮುಟ್ಟಿದರೆ ಜುಮ್ ಅನ್ನುತ್ತದೆ. ಪಕ್ಕದ ಸಣ್ಣ ವಾಲ್ವಿನಿಂದ ನೀರೂ ತೊಟ್ಟಿಕ್ಕುತ್ತದೆ. ಅದಕ್ಕೆ ಎಂಸೀಲ್ ಹಚ್ಚಲೇ?
– ಓದುಗರು, ಕಲಬುರಗಿ

ಎರಡಕ್ಕೂ ಕೈ ಹಚ್ಚಬೇಡಿ. ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ ಬರುವ ತನಕ ಒಲೆ ಮೇಲೆ ನೀರು ಕಾಯಿಸಿಕೊಳ್ಳಿ. ಜುಮ್ ಅನ್ನೋದು ಕರೆಂಟು, ಮೊದಲು ಅರ್ಥಿಂಗ್ ನೋಡಿಸಿ. ಒಳಗಿನ ಕಾಯಿಲ್ ಹಾಳಾಗಿದ್ದರೂ ಹೀಗೆ ಆಗುತ್ತದೆ. ಆ ಸಣ್ಣ ವಾಲ್ವ್ ಇರೋದು ಒಳಗಿನ ಒತ್ತಡ ಜಾಸ್ತಿ ಆದಾಗ ಹೊರಗೆ ಬಿಡಲಿಕ್ಕೆ. ಅದನ್ನು ಎಂಸೀಲ್ ಹಚ್ಚಿ ಮುಚ್ಚೋದು, ಸೀಟಿ ಕಟ್ಟಿಹಾಕಿ ಕುಕ್ಕರ್ ಇಟ್ಟ ಹಾಗೆ. ಸರ್ವಿಸ್‌ನವರು ಬಂದಾಗ ಆನೋಡ್ ರಾಡ್ ತೆಗೆದು ತೋರಿಸಿ ಅಂತ ಕೇಳಿ. ತುಕ್ಕು ತನ್ನ ಮೇಲೆ ಎಳೆದುಕೊಂಡು ಟ್ಯಾಂಕ್ ಉಳಿಸುವ ರಾಡ್ ಅದು, ನಮ್ಮ ನೀರಿಗೆ ಬೇಗ ಸವೆಯುತ್ತದೆ.

ಸಂಡಾಸಿನ ಸೆಪ್ಟಿಕ್ ಟ್ಯಾಂಕ್ ತುಂಬಿದೆ. ಇಬ್ಬರು ಹುಡುಗರು ಇಳಿದು ಖಾಲಿ ಮಾಡ್ತೀವಿ, ಕಡಿಮೆ ದುಡ್ಡು ಅಂತಾರೆ.
– ಓದುಗರು, ಯಾದಗಿರಿ

ಇಳಿಸಬೇಡಿ. ಒಳಗಿನ ವಿಷಗಾಳಿಗೆ ಇಳಿದವನು ಬೀಳುತ್ತಾನೆ, ಎತ್ತಲು ಹೋದವನೂ ಬೀಳುತ್ತಾನೆ. ರಕ್ಷಣೆ ಇಲ್ಲದೆ ಇಳಿಸೋದು 2013ರ ಕಾಯ್ದೆ ಪ್ರಕಾರ ಅಪರಾಧ, ಇಳಿಸಿದವರಿಗೇ ಶಿಕ್ಷೆ. ನಗರಸಭೆಗೆ ಹೇಳಿ, ಪೈಪ್ ಬಿಟ್ಟು ಎಳೆಯುವ ಸಕ್ಕಿಂಗ್ ಗಾಡಿ ತರಿಸಿ.

ರಾತ್ರಿ ತುಂಬಿದ ಟಾಕಿ ಬೆಳಿಗ್ಗೆಗೆ ಕಾಲು ಭಾಗ ಇಳಿದಿರುತ್ತದೆ. ಎಲ್ಲೂ ಸೋರುವುದು ಕಾಣೋದಿಲ್ಲ. ಬಾಡಿಗೆ ಮನೆ, ಮಾಲೀಕರು ನೀವೇ ಜಾಸ್ತಿ ಬಳಸ್ತೀರಿ ಅಂತಾರೆ.
– ಓದುಗರು, ಕಲಬುರಗಿ

ನಳದಲ್ಲಿ ಭೀಮಾ ನೀರು ಯಾವಾಗ ಬರುತ್ತೋ ಅಂತ ಕಾಯುವ ಊರಿನಲ್ಲಿ ಇದು ಜಗಳದ ವಿಷಯವೇ. ಬಟ್ಟೆಗೆ ಹಾಕುವ ನೀಲಿ ಇದೆಯಲ್ಲ, ರಾತ್ರಿ ಮಲಗುವಾಗ ಅದರ ನಾಲ್ಕು ಹನಿ ಫ್ಲಶ್ ಟ್ಯಾಂಕಿಗೆ ಬಿಡಿ, ಫ್ಲಶ್ ಮಾಡಬೇಡಿ. ಅರ್ಧ ತಾಸು ಬಿಟ್ಟು ಟಾರ್ಚ್ ಹಿಡಿದು ಕಮೋಡ್ ನೋಡಿ. ಬಿಳಿ ಗೋಡೆ ಮೇಲೆ ತೆಳ್ಳಗೆ ನೀಲಿ ಗೆರೆ ಇಳಿದಿದ್ದರೆ ಒಳಗಿನ ರಬ್ಬರ್ ಹೋಗಿದೆ, ಸದ್ದಿಲ್ಲದೆ ಇಡೀ ರಾತ್ರಿ ನೀರು ಹೋಗುತ್ತಿದೆ. ರಬ್ಬರ್ ನೀವೇ ಬದಲಿಸಬಹುದು. ನೀಲಿ ಇಳಿಯದಿದ್ದರೆ ರಾತ್ರಿ ಟಾಕಿಯ ವಾಲ್ವ್ ಬಂದ್ ಮಾಡಿ ಮಲಗಿ. ಬೆಳಿಗ್ಗೆ ಟಾಕಿ ಇಳಿಯದೆ ಹಾಗೇ ಇದ್ದರೆ ಸೋರಿಕೆ ಕೆಳಗಿನ ಪೈಪಿನಲ್ಲಿ, ಗೋಡೆಯೊಳಗೆ. ಅದು ಮಾಲೀಕರ ಖರ್ಚಿನ ಕೆಲಸ. ನೀಲಿ ಗೆರೆ ಬಂದರೂ ಬರದಿದ್ದರೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಮಾಲೀಕರಿಗೆ ತೋರಿಸಲು ಬೇಕಾಗುತ್ತದೆ.