ಆರ್-245ಎಫ್‌ಎಗೆ ಹೊಂದಿಸಿದ ಸ್ಕ್ರಾಲ್ ಎಕ್ಸ್‌ಪ್ಯಾಂಡರ್ ಮಾಡೆಲ್ ಆರ್-134ಎಗೂ ನಡೆಯುತ್ತಾ?

ಆರ್-245ಎಫ್‌ಎ ಹಾಕಿ ಟೆಸ್ಟ್ ಮಾಡಿದ ಎಕ್ಸ್‌ಪ್ಯಾಂಡರ್‌ನ ಎಫಿಷಿಯೆನ್ಸಿ ಕರ್ವ್ ನಿಮ್ಮ ಹತ್ತಿರ ಇದೆ. (ಸ್ಕ್ರಾಲ್ ಎಕ್ಸ್‌ಪ್ಯಾಂಡರ್ ಅಂದರೆ ಆವಿ ಹಿಗ್ಗುವಾಗ ಅದರಿಂದ ಶಕ್ತಿ ತೆಗೆಯುವ ಸುರುಳಿ ಯಂತ್ರ; ಆರ್-245ಎಫ್‌ಎ, ಆರ್-134ಎ ಅದರಲ್ಲಿ ಹರಿಯುವ ಶೀತಕಗಳು.) ಮಾಡೆಲ್‌ನಲ್ಲಿ ಫ್ಲೂಯಿಡ್ ಹೆಸರನ್ನಷ್ಟೇ ಬದಲಿಸಿದರೆ ಸಾಕಾ ಎಂದು ಕೇಳಿದ್ದೀರಿ. ಸಾಲದು. ಹಾಗಂತ ಎಲ್ಲವನ್ನೂ ಹೊಸದಾಗಿ ಶುರು ಮಾಡಬೇಕಾಗಿಯೂ ಇಲ್ಲ.

ಒಳಗೆ ಸಿಕ್ಕಿದ ಆವಿ ಎಷ್ಟು ಪಟ್ಟು ಹಿಗ್ಗುತ್ತದೆ ಅನ್ನೋದನ್ನು ಸುರುಳಿಯ ಆಕಾರವೇ ತೀರ್ಮಾನಿಸುತ್ತದೆ. ಅದೇ ಬಿಲ್ಟ್-ಇನ್ ವಾಲ್ಯೂಮ್ ರೇಶಿಯೊ. ಎಸಿ ಕಂಪ್ರೆಸರ್ ಅನ್ನು ಉಲ್ಟಾ ಓಡಿಸುತ್ತಿದ್ದರೆ ಇದು ಸಾಮಾನ್ಯವಾಗಿ 3ರ ಆಸುಪಾಸು. ಫ್ಲೂಯಿಡ್ ಯಾವುದಾದರೂ ಈ ಸಂಖ್ಯೆ ಅಷ್ಟೇ.

ಈಗ 80 ಡಿಗ್ರಿಯಲ್ಲಿ ಆವಿ ಮಾಡಿ 30 ಡಿಗ್ರಿಯಲ್ಲಿ ತಣಿಸುತ್ತೀರಿ ಅಂದುಕೊಳ್ಳಿ. ಆರ್-245ಎಫ್‌ಎ ಸುಮಾರು 7.9 ಬಾರ್‌ನಿಂದ 1.8 ಬಾರ್‌ಗೆ ಇಳಿಯುತ್ತದೆ, ಅಂದರೆ 4.4 ಪಟ್ಟು. ಆರ್-134ಎ 26.3ರಿಂದ 7.7ಕ್ಕೆ, ಬರೀ 3.4 ಪಟ್ಟು. ಇದನ್ನು ನೋಡಿ ಆರ್-134ಎ ಈ ಮೆಷಿನ್‌ಗೆ ಹೇಳಿ ಮಾಡಿಸಿದ್ದು ಅನ್ನಿಸುತ್ತದೆ, ಅಲ್ವಾ? ಆದರೆ ಅದರ ಕ್ರಿಟಿಕಲ್ ತಾಪಮಾನ (ಅದನ್ನು ದಾಟಿದರೆ ದ್ರವ, ಆವಿ ಎಂಬ ವ್ಯತ್ಯಾಸವೇ ಉಳಿಯುವುದಿಲ್ಲ) 101 ಡಿಗ್ರಿ. 80 ಡಿಗ್ರಿ ಅಂದರೆ ಅದಕ್ಕೆ ಹತ್ತಿರವೇ. ಅಲ್ಲಿ ಆದರ್ಶ ಅನಿಲದ ಸೂತ್ರ ಕೈಕೊಡುತ್ತದೆ. ಒತ್ತಡ 3.4 ಪಟ್ಟು ಇಳಿಯುವಷ್ಟರಲ್ಲಿ ಗಾತ್ರ ಸುಮಾರು 4 ಪಟ್ಟು ಆಗಿರುತ್ತದೆ. ಹಾಗಾಗಿ ಫ್ಲೂಯಿಡ್‌ಗಳನ್ನು ಒತ್ತಡದ ಅನುಪಾತದಲ್ಲಿ ಹೋಲಿಸಬೇಡಿ, ಗಾತ್ರದ ಅನುಪಾತದಲ್ಲಿ ಹೋಲಿಸಿ. ಕೂಲ್‌ಪ್ರಾಪ್ ಎಂಬ, ಫ್ಲೂಯಿಡ್‌ಗಳ ಗುಣಗಳನ್ನು ಲೆಕ್ಕ ಹಾಕುವ ಸಾಫ್ಟ್‌ವೇರ್ ಉಚಿತವಾಗಿಯೇ ಸಿಗುತ್ತದೆ, ಸಾಂದ್ರತೆಯನ್ನು ಅದರಿಂದಲೇ ತೆಗೆದುಕೊಳ್ಳಿ.

ಮಾಡೆಲ್ ವಿಷಯಕ್ಕೆ ಬಂದರೆ, ಬೆಲ್ಜಿಯಂನ ಲಿಯೆಜ್ ವಿಶ್ವವಿದ್ಯಾಲಯದ ಲೆಮೋರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಸೆಮಿ-ಎಂಪಿರಿಕಲ್ (ಅರ್ಧ ಭೌತಶಾಸ್ತ್ರ, ಅರ್ಧ ಟೆಸ್ಟ್ ಡೇಟಾ) ಮಾಡೆಲ್ಲೇ ನನ್ನ ಆಯ್ಕೆ. ಅವರು ಅದನ್ನು ಆರ್-123 ಎಂಬ ಇನ್ನೊಂದು ಶೀತಕದ ಟೆಸ್ಟ್ ಡೇಟಾ ಜೊತೆ ಹೋಲಿಸಿ ನೋಡಿದ್ದರು. ಅದರಲ್ಲಿ ಹಿಗ್ಗುವ ಕೆಲಸ ಎರಡು ಹಂತದಲ್ಲಿದೆ. ಬಿಲ್ಟ್-ಇನ್ ಅನುಪಾತದವರೆಗೆ ಐಸೆಂಟ್ರೋಪಿಕ್ (ನಷ್ಟವಿಲ್ಲದ ಆದರ್ಶ ಹಿಗ್ಗುವಿಕೆ), ಆಮೇಲೆ ಗಾತ್ರ ಬದಲಾಗದೆ ಹೊರಗಿನ (ಆವಿ ಹೊರಬರುವ ಕಡೆಯ) ಒತ್ತಡಕ್ಕೆ ನೆಗೆತ. ಹೊರಗಿನ ಒತ್ತಡಕ್ಕಿಂತ ಕೆಳಕ್ಕೆ ಹಿಗ್ಗಿಬಿಟ್ಟರೆ ಎರಡನೇ ಹಂತದ ಕೆಲಸ ಋಣವಾಗುತ್ತದೆ, ಎಫಿಷಿಯೆನ್ಸಿ ದಿಢೀರನೆ ಬೀಳುತ್ತದೆ. ಕಡಿಮೆ ಹಿಗ್ಗಿದರೆ ನಷ್ಟ ಇದ್ದರೂ ನಿಧಾನವಾಗಿ ಏರುತ್ತದೆ.

ನಿಮ್ಮ ಪ್ಯಾರಾಮೀಟರ್‌ಗಳಲ್ಲಿ ವಾಲ್ಯೂಮ್ ರೇಶಿಯೊ, ಲೀಕೇಜ್ ಏರಿಯಾ, ಒಳದಾರಿಯ ಅಡ್ಡಳತೆ ಮೆಷಿನ್‌ಗೆ ಸೇರಿದವು. ಅವನ್ನು ಮುಟ್ಟಬೇಡಿ. ಉಷ್ಣ ವರ್ಗಾವಣೆಯ ಗುಣಾಂಕಗಳನ್ನು ಹೊಸ ಫ್ಲೂಯಿಡ್‌ಗೆ ಮತ್ತೆ ಹೊಂದಿಸಿ. ಘರ್ಷಣೆಯನ್ನೂ ಮತ್ತೆ ನೋಡಬೇಕು. ಎಣ್ಣೆ ಬದಲಾಗುತ್ತದೆ, ಅದರಲ್ಲಿ ಕರಗುವ ಫ್ಲೂಯಿಡ್‌ನ ಪ್ರಮಾಣವೂ ಬದಲಾಗುತ್ತದೆ. ಶಾಫ್ಟ್ ಪವರ್ ಒಂದನ್ನೇ ನೋಡಿ ಫಿಟ್ ಮಾಡಬೇಡಿ, ಫ್ಲೋ ಮತ್ತು ಹೊರಬರುವ ತಾಪಮಾನವೂ ಕೂಡಬೇಕು. ಇಲ್ಲದಿದ್ದರೆ ಲೀಕೇಜ್‌ನ ತಪ್ಪು ಘರ್ಷಣೆಯ ಲೆಕ್ಕಕ್ಕೆ ಸೇರಿಬಿಡುತ್ತದೆ.

ಆರ್-134ಎ ತುಂಬುವ ಮೊದಲು ಇದೊಂದನ್ನು ದಯವಿಟ್ಟು ಮಾಡಿ. ನಿಮ್ಮ ಮೆಷಿನ್‌ನ ಕವಚ, ಸೀಲ್ ಎರಡೂ 26 ಬಾರ್ ತಡೆಯುತ್ತವಾ ಎಂದು ಖಚಿತಪಡಿಸಿಕೊಳ್ಳಿ. ಏರ್ ಕಂಪ್ರೆಸರ್‌ನಿಂದ ಮಾಡಿದ ಸ್ಕ್ರಾಲ್ ಆದರೆ ಆ ಒತ್ತಡಕ್ಕೆ ಒಡ್ಡಲೇಬೇಡಿ.