‘ಅವನಿಗೇನೂ ತೊಂದರೆಯಿಲ್ಲ’

ರಾಣೆಬೆನ್ನೂರಿನ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿಯೊಬ್ಬರ ಪತ್ರದ ಸಾರಾಂಶ: ‘ಮಗನ ಮದುವೆಯಾಗಿ ಆರು ವರ್ಷ ಕಳೆದರೂ ಮನೆಯಲ್ಲಿ ತೊಟ್ಟಿಲು ಕಟ್ಟುವ ಯೋಗ ಬಂದಿಲ್ಲ. ಸೊಸೆಯನ್ನು ತೋರಿಸದ ಡಾಕ್ಟರಿಲ್ಲ. ಥೈರಾಯ್ಡ್ ಪರೀಕ್ಷೆಯಾಯಿತು, ಗರ್ಭನಾಳದ ಎಕ್ಸ್-ರೇ ಆಯಿತು, ಹೊಟ್ಟೆಗೆ ದುರ್ಬೀನು ಹಾಕಿಯೂ ನೋಡಿದರು. ಮಗ ಗಟ್ಟಿಮುಟ್ಟಾಗಿದ್ದಾನೆ, ಅವನಿಗೇನೂ ತೊಂದರೆಯಿಲ್ಲ. ನವಲಗುಂದದ ಕಾಮಣ್ಣನಿಗೆ ಹರಕೆ ಹೊತ್ತು ಬರುವ ಹೋಳಿಯವರೆಗೆ ಕಾಯಬೇಕೋ, ಹುಬ್ಬಳ್ಳಿಗೆ ಹೋಗಿ ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಮಾಡಿಸಬೇಕೋ ತಿಳಿಯದಾಗಿದೆ. ಹೆಸರು ಹಾಕಬೇಡಿ.’

ಸಂಪಾದಕರ ಉತ್ತರ:

ಅಕ್ಕಾವರೆ, ನಮ್ಮ ಕಡೆ ಶಾಲೆಯಲ್ಲಿ ಕಲಿಸಿದವರನ್ನು ಹೀಗೆಯೇ ಕರೆಯುವುದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ನಿಮ್ಮದು ಕರಿಹಲಗೆಯ ಮೇಲೆ ಪಳಗಿದ ಕೈ. ನಾಲ್ಕು ಪುಟದಲ್ಲಿ ಒಂದು ಕಾಗುಣಿತದ ತಪ್ಪೂ ಸಿಗಲಿಲ್ಲ. ಆದರೂ ಉದ್ಯೋಗದ ಚಟದಿಂದ ಕೆಂಪು ಪೆನ್ನು ಹಿಡಿದೇ ಓದಿದೆ. ನಾಲ್ಕು ಪುಟವೂ ಸೊಸೆಯ ಕುರಿತದ್ದೇ, ಮಗನ ಕುರಿತು ಇರುವುದು ಒಂದೇ ಸಾಲು. ಕೆಂಪು ಗೆರೆ ಬಿದ್ದದ್ದು ಆ ಒಂದು ಸಾಲಿನ ಕೆಳಗೆ.

ಹರಕೆಯ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ಅಗತ್ಯವಾಗಿ ಹೊರಿ. ಹರಕೆಯ ಬೆಳ್ಳಿಯ ಪುಟ್ಟ ತೊಟ್ಟಿಲನ್ನು ಜಗುಲಿಯ ಮೇಲಿಟ್ಟುಕೊಂಡು ಕಾಯುವವರನ್ನು ಕಂಡು ನಗುವವನು ನಾನಲ್ಲ. ಆಸ್ಪತ್ರೆಯ ಬಾಕಿನ ಮೇಲೆ ಕಾಯುವುದಕ್ಕಿಂತ ಅದು ಮನಸ್ಸಿಗೆ ಹಿತವೇ ಇರಬಹುದು. ಆದರೆ ಹೋಳಿ ಬರುವವರೆಗೆ ಉಳಿದ ಕೆಲಸವೆಲ್ಲ ನಿಲ್ಲಬೇಕೆಂದು ಕಾಮಣ್ಣ ಯಾರಿಗೂ ಹೇಳಿಲ್ಲ. ಇನ್ನು ಐವಿಎಫ್‌ಗೆ ಹೊರಡುವುದು, ಜ್ವರ ಎಷ್ಟಿದೆ ಎಂದು ನೋಡದೆಯೇ ಶಸ್ತ್ರಚಿಕಿತ್ಸೆಗೆ ಮಲಗಿಸಿದ ಹಾಗೆ. ಒಂದು ವರ್ಷ ಕೂಡಿ ಬಾಳಿಯೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳಿಗೆ, ಗಂಡ ಹೆಂಡತಿ ಇಬ್ಬರನ್ನೂ ಒಟ್ಟಿಗೆ ಪರೀಕ್ಷಿಸಬೇಕು ಎನ್ನುತ್ತದೆ ವೈದ್ಯಶಾಸ್ತ್ರ. ಪ್ರಪಂಚದಲ್ಲಿ ಸುಮಾರು ಆರು ಜನರಲ್ಲಿ ಒಬ್ಬರು ಬಾಳಿನಲ್ಲಿ ಎಂದಾದರೂ ಈ ತೊಡಕನ್ನು ಕಾಣುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಅಂಥ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡನಲ್ಲಿಯೂ ಕಾರಣವಿರುತ್ತದೆ, ಕೆಲವೊಮ್ಮೆ ಅವನೊಬ್ಬನಲ್ಲಿಯೇ. ಹೀಗಿರುವಾಗ ನಿಮ್ಮ ಮನೆಯಲ್ಲಿ ಆರು ವರ್ಷ ಲೆಕ್ಕದ ಅರ್ಧ ಭಾಗವನ್ನು ಬಿಡಿಸದೆಯೇ ಉತ್ತರ ಹುಡುಕುತ್ತಿದ್ದೀರಿ. ನಿಮ್ಮ ತರಗತಿಯ ಹುಡುಗ ಹೀಗೆ ಮಾಡಿದ್ದರೆ ನೀವು ಅವನಿಗೆ ಎಷ್ಟು ಅಂಕ ಕೊಡುತ್ತಿದ್ದಿರಿ?

ನನಗೆ ಈ ವಿಷಯದಲ್ಲಿ ತುಸು ಹಟವಿದೆ, ಅದಕ್ಕೆ ಕಾರಣವೂ ಇದೆ. ಗದಗಿನಲ್ಲಿ ನನ್ನ ಕಾಕಾ ಒಂದು ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸದಲ್ಲಿದ್ದರು. ಓಣಿಯಲ್ಲಿ ಯಾರ ಮನೆಯ ಕುಬಸವಿದ್ದರೂ ಹೋಳಿಗೆಯ ಹೂರಣ ರುಬ್ಬಿಕೊಡುವುದು ಅವರ ಹೆಂಡತಿ, ನಮ್ಮ ಕಾಕೂನ ಪಾಲಿನ ಕೆಲಸ. ಒಳಗೆ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿಗಳಿಂದ ಉಡಿ ತುಂಬುವ ಹೊತ್ತಿಗೆ ಸರಿಯಾಗಿ ಕಾಕು ಹಿತ್ತಲಿಗೆ ಹೋಗಿ, ಆಗಲೇ ತೊಳೆದಿಟ್ಟಿದ್ದ ಒರಳನ್ನು ಮತ್ತೊಮ್ಮೆ ತೊಳೆಯುತ್ತಿದ್ದಳು. ಆಕೆಗೆ ಹೋಗೆಂದವರು ಯಾರೂ ಇಲ್ಲ, ಬಾ ಎಂದು ಕರೆದವರೂ ಇಲ್ಲ. ಹತ್ತು ವರ್ಷ ಕಾದು ಹಿರಿಯರು ಕಾಕಾನಿಗೆ ಇನ್ನೊಂದು ಮದುವೆ ಮಾಡಿದರು. ಎರಡನೆಯವಳ ಉಡಿಯೂ ತುಂಬಲಿಲ್ಲ. ‘ಒಂದ ಮನ್ಯಾಗ ಇಬ್ರು ಬಂಜೇರು, ಎಂಥಾ ಹಣೆಬರಾ’ ಎಂದು ಓಣಿ ಮರುಗಿತು. ಇಬ್ಬರಿಗೂ ಗಂಡ ಒಬ್ಬನೇ ಎಂಬ ಲೆಕ್ಕ ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕಾಕಾ ಬಾಳೆಲ್ಲ ಮುಟ್ಟಿದ್ದು ಸೀಸದ ಮೊಳೆಗಳನ್ನು. ಸೀಸವು ಮೈಗೆ ಸೇರಿದರೆ ವೀರ್ಯಕ್ಕೆ ಕೆಡುಕು ಎಂಬುದು ವೈದ್ಯರಿಗೆ ತಿಳಿದ ಸಂಗತಿ. ಅದೇ ಕಾರಣವೆಂದು ನಾನು ಹೇಳಲಾರೆ. ನೋಡಿದವರಿದ್ದರೆ ತಾನೇ ಹೇಳುವುದು!

ತಪ್ಪು ಓಣಿಯದ್ದಷ್ಟೇ ಅಲ್ಲ, ನಮ್ಮ ನುಡಿಯದ್ದೂ ಇದೆ. ‘ಬಂಜೆ’ ಎಂಬುದಕ್ಕೆ ಕನ್ನಡದಲ್ಲಿ ಪುಲ್ಲಿಂಗ ರೂಪವಿಲ್ಲ. ವ್ಯಾಕರಣ ಕಲಿಸಿದವರಾದ ನೀವು ಒಮ್ಮೆ ಯೋಚಿಸಿ ನೋಡಿ. ಷಂಡ, ನಪುಂಸಕ ಎಂದು ಬೈಗುಳಗಳಿವೆ, ಆದರೆ ಅವು ಹೇಳುವುದು ಬೇರೆಯದನ್ನೇ. ಹಾಸಿಗೆಯಲ್ಲಿ ಯಾವ ಕೊರತೆಯೂ ಇಲ್ಲದ, ಗರಡಿಯಲ್ಲಿ ಸಾಮು ತೆಗೆಯುವ ಗಂಡಸಿನ ವೀರ್ಯದಲ್ಲಿಯೂ ಒಂದೇ ಒಂದು ವೀರ್ಯಾಣುವೂ ಇಲ್ಲದಿರಬಹುದು. ಸುಮಾರು ನೂರು ಗಂಡಸರಲ್ಲಿ ಒಬ್ಬ ಹಾಗಿರುತ್ತಾನೆ. ಮೈಕಟ್ಟಿಗಾಗಿ ಜಿಮ್‌ಗಳಲ್ಲಿ ಚುಚ್ಚಿಸಿಕೊಳ್ಳುವ ಸ್ಟೆರಾಯ್ಡ್ ಆ ಉತ್ಪತ್ತಿಯನ್ನೇ ನಿಲ್ಲಿಸಿಬಿಡುವುದುಂಟು. ಹೀಗಾಗಿ ‘ಗಟ್ಟಿಮುಟ್ಟಾಗಿದ್ದಾನೆ’ ಎಂಬ ನಿಮ್ಮ ಸಾಕ್ಷಿ ಇಲ್ಲಿ ನಡೆಯುವುದಿಲ್ಲ. ಕಥೆಗಳಾದರೂ ಎಂಥವು? ಮೂವರು ರಾಣಿಯರಿದ್ದೂ ಮಕ್ಕಳಿಲ್ಲದ ದಶರಥ ಯಾಗ ಮಾಡಿಸಿದ, ಪಾಯಸ ಕುಡಿದವರು ಮಾತ್ರ ರಾಣಿಯರು. ನಿಮ್ಮ ಹಾವೇರಿ ಜಿಲ್ಲೆಯದೇ ಐತಿಹ್ಯ ತೆಗೆದುಕೊಳ್ಳಿ: ಮಕ್ಕಳಿಲ್ಲದ ಮಾಸೂರಿನ ಬಸವರಸ ಕಾಶಿಗೆ ಹೋಗಿ, ಮರಳುವ ದಾರಿಯಲ್ಲಿ ಕುಂಬಾರರ ಮಾಳಿಯ ಮನೆಯಲ್ಲಿ ತಂಗಿದ, ಸರ್ವಜ್ಞ ಹುಟ್ಟಿದ. ಗಂಡಸಿಗೆ ಕಥೆಯೇ ಪರೀಕ್ಷೆಯಿಲ್ಲದೆ ಪಾಸು ಕೊಟ್ಟುಬಿಟ್ಟಿತು. ಮಾಸೂರಿನ ಮನೆಯಲ್ಲಿ ಕಾದು ಕುಳಿತ ಹೆಂಡತಿಯ ಗತಿಯನ್ನು ಕೇಳುವವರಿಲ್ಲ. ಮಹಾಭಾರತದ ಪಾಂಡುವೇ ವಾಸಿ, ತನ್ನಿಂದಾಗದು ಎಂದು ತಾನಾಗಿಯೇ ಕುಂತಿಗೆ ಹೇಳಿದ.

ಇಷ್ಟಕ್ಕೂ ನಿಮ್ಮ ಮಗ ಮಾಡಬೇಕಾದದ್ದು ಎಷ್ಟು ಸಣ್ಣ ಕೆಲಸ! ಎರಡರಿಂದ ಏಳು ದಿನ ವೀರ್ಯಸ್ಖಲನವಿಲ್ಲದೆ ಇದ್ದು, ಒಂದು ಡಬ್ಬಿಯಲ್ಲಿ ವೀರ್ಯದ ಮಾದರಿ ಕೊಡುವುದು. ಮನೆಯಿಂದ ತರುವುದಾದರೆ ಮೈಯ ಕಾವಿನಲ್ಲಿಟ್ಟುಕೊಂಡು ಒಂದು ತಾಸಿನೊಳಗೆ ಪ್ರಯೋಗಾಲಯ ಮುಟ್ಟಿಸಬೇಕು. ಸೂಜಿಯಿಲ್ಲ, ಅರಿವಳಿಕೆಯಿಲ್ಲ, ಖರ್ಚು ಕೆಲವು ನೂರು ರೂಪಾಯಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಂತೆ ಮಿಲಿಲೀಟರಿಗೆ 160 ಲಕ್ಷ ವೀರ್ಯಾಣು, ನೂರಕ್ಕೆ 42ರಷ್ಟು ಚಲನೆ, ಇವು ಕೆಳಗಿನ ಗಡಿಗಳು. ಒಮ್ಮೆ ಕಡಿಮೆ ಬಂದರೆ ಮುಗಿಯಿತು ಎಂದಲ್ಲ, ಕೆಲವು ವಾರ ಬಿಟ್ಟು ಮತ್ತೆ ನೋಡಬೇಕು. ಒಂದು ವೀರ್ಯಾಣು ತಯಾರಾಗಲು 70 ದಿನಕ್ಕೂ ಮಿಕ್ಕಿ ಬೇಕಾಗುವುದರಿಂದ, ಮೂರು ತಿಂಗಳ ಹಿಂದಿನ ಜ್ವರವೂ ಅದರಲ್ಲಿ ಕಾಣಿಸಿಕೊಳ್ಳಬಹುದು. ವೃಷಣದ ರಕ್ತನಾಳಗಳು ಉಬ್ಬುವ ವೆರಿಕೋಸೀಲ್, ಹಾರ್ಮೋನಿನ ಕೊರತೆ, ವೀರ್ಯಾಣು ಸಾಗುವ ಕೊಳವೆಯ ತಡೆ, ಇವುಗಳಲ್ಲಿ ಹಲವಕ್ಕೆ ಮದ್ದೋ ಶಸ್ತ್ರಚಿಕಿತ್ಸೆಯೋ ಇದೆ. ಸೊಸೆಯ ಪರೀಕ್ಷೆಗಳು ವ್ಯರ್ಥವಾದವೆಂದು ನಾನು ಹೇಳುತ್ತಿಲ್ಲ. ನಮ್ಮ ದೇಶದಲ್ಲಿ ಕ್ಷಯದಿಂದಲೇ ಗರ್ಭನಾಳ ಮುಚ್ಚಿಹೋದ ಹೆಣ್ಣುಮಕ್ಕಳು ಕಡಿಮೆಯೇನಿಲ್ಲ, ನೋಡಲೇಬೇಕಿತ್ತು. ನನ್ನ ತಕರಾರು ಸರದಿಯ ಕುರಿತದ್ದು. ದುರ್ಬೀನಿಗಿಂತ ಮೊದಲು ಡಬ್ಬಿ ಬರಬೇಕಾಗಿತ್ತು.

ಗಂಡಸರು ಹಿಂಜರಿಯುವುದಕ್ಕೆ ಆಸ್ಪತ್ರೆಗಳೂ ಹೊಣೆ. ಬಾಗಿಲ ಮೇಲೆ ‘ಸ್ತ್ರೀರೋಗ ವಿಭಾಗ’ ಎಂಬ ಹಲಗೆ. ಹೆಂಡತಿ ಒಳಗೆ, ಗಂಡ ಹೊರಗೆ ಬೈಕಿನ ಮೇಲೆ ಕುಳಿತು ಮೊಬೈಲ್ ಒತ್ತುತ್ತ. ಮಾದರಿ ಕೊಡಲು ಚಿಲಕ ಸರಿಯಿಲ್ಲದ ಪಾಯಖಾನೆ ತೋರಿಸಿದರೆ ಯಾರು ಒಪ್ಪಿಯಾರು? ಇವರು ದೂರವಿಟ್ಟ ಗಂಡಸನ್ನು ಲಾಡ್ಜಿನ ಕೋಣೆಯಲ್ಲಿ ವಾರಕ್ಕೊಂದು ದಿನ ಕೂರುವ ‘ಗುಪ್ತರೋಗ ತಜ್ಞರು’ ಕರೆದು ಕೂರಿಸಿಕೊಂಡರು, ಅವರ ಜಾಹೀರಾತನ್ನು ವರ್ಷಗಟ್ಟಲೆ ಅಚ್ಚು ಹಾಕಿ ಹೊಟ್ಟೆ ಹೊರೆದುಕೊಂಡವರು ನನ್ನಂಥ ಪತ್ರಿಕೆಯವರೇ. ಆ ಋಣ ನನ್ನ ತಲೆಯ ಮೇಲೂ ಇದೆ.

ಐವಿಎಫ್‌ಗೇ ಹೋಗಬೇಕಾಗಿ ಬಂದರೂ ಇದನ್ನು ತಿಳಿದೇ ಹೋಗಿ. ವೀರ್ಯಾಣು ತೀರ ಕಡಿಮೆಯಿದ್ದವರಿಗಾಗಿ, ಒಂದೇ ಒಂದನ್ನು ಅಂಡದೊಳಗೆ ಚುಚ್ಚಿ ಸೇರಿಸುವ ಇಕ್ಸಿ ಎಂಬ ವಿಧಾನ 1992ರಿಂದ ಬಳಕೆಗೆ ಬಂತು. ಕೊರತೆ ಗಂಡನದು, ಆದರೆ ಅಂಡಗಳು ಬಲಿಯಲೆಂದು ಹತ್ತು ಹನ್ನೆರಡು ದಿನ ಚುಚ್ಚುಮದ್ದು ಬೀಳುವುದು ಹೆಂಡತಿಯ ಹೊಟ್ಟೆಗೇ. ದಶರಥನ ಪಾಯಸ ಇನ್ನೂ ಮುಗಿದಿಲ್ಲ. 2021ರ ಕಾಯ್ದೆಯ ಪ್ರಕಾರ ಇಂಥ ಕೇಂದ್ರಗಳಿಗೆ ನೋಂದಣಿ ಕಡ್ಡಾಯ, ಚಿಕಿತ್ಸೆ ಪಡೆಯುವವರ ಲಿಖಿತ ಒಪ್ಪಿಗೆಯೂ ಕಡ್ಡಾಯ. ನೋಂದಣಿ ಪತ್ರ ಕೇಳಿ ನೋಡಿ. ಒಪ್ಪಿಗೆ ಪತ್ರಕ್ಕೆ ಸೊಸೆ ಸಹಿ ಹಾಕುವ ಮೊದಲು ಅದನ್ನು ಆಕೆಯೇ ಕುಳಿತು ಓದಲಿ.

ಕೊನೆಗೆ ಒಂದು ಆಕ್ಷೇಪಣೆ, ಅಕ್ಕಾವರೆ. ಪತ್ರದ ಜೊತೆ ನೀವು ಸೊಸೆಯ ಹದಿನಾಲ್ಕು ವರದಿಗಳ ನಕಲು ಕಳಿಸಿದ್ದೀರಿ, ಮುಟ್ಟಿನ ದಿನಗಳಿಗೆ ಗುರುತು ಹಾಕಿದ ಕ್ಯಾಲೆಂಡರಿನ ಹಾಳೆಯೂ ಅದರಲ್ಲಿದೆ. ಕಳಿಸುವ ಮೊದಲು ಆಕೆಯನ್ನು ಕೇಳಿದ್ದಿರಾ? ಪತ್ರದಲ್ಲಿ ಅದರ ಸುಳಿವಿಲ್ಲ. ಮೊದಲ ಹಾಳೆ ನೋಡಿದವನೇ ಉಳಿದವುಗಳನ್ನು ಮಡಚಿಟ್ಟೆ. ಎಲ್ಲವನ್ನೂ ಲಕೋಟೆಯಲ್ಲಿ ಹಾಕಿ, ಅಂಟಿಸಿ, ಮರುಟಪಾಲಿನಲ್ಲಿ ಕಳಿಸಿದ್ದೇನೆ. ಮೇಲೆ ಬರೆದಿರುವುದು ನಿಮ್ಮ ಸೊಸೆಯ ಹೆಸರು. ಒಡೆಯದೆ ಅವಳ ಕೈಗೆ ಕೊಡಿ. ಈ ಸಂಚಿಕೆಯನ್ನು ಮಗನಿಗೆ ಕೊಡಿ.